ಕೊಡಲಾರದ್ದನ್ನು ಕೊಡುತ್ತೇನೆ ಎನ್ನುವುದು

ನಮ್ಮ ತಿಪಟೂರು ಕಡೆ ಬಿಡದೆ ಬೆನ್ನುಹತ್ತಿ ಬಾಕಿ ಕೇಳುವವನನ್ನು ಈಗಲೂ ನಕ್ಷತ್ರಿಕ ಅನ್ನುತ್ತಾರೆ. ಹರಿಶ್ಚಂದ್ರನಿಂದ ಬರಬೇಕಾದ್ದನ್ನು ವಸೂಲು ಮಾಡಿಕೊಂಡು ಬಾ ಎಂದು ವಿಶ್ವಾಮಿತ್ರ ಅಟ್ಟಿದ ಶಿಷ್ಯ ಅವನು. ರಾಜ್ಯ ಬಿಟ್ಟುಕೊಟ್ಟು ಹೆಂಡತಿ ಮಗನೊಡನೆ ಕಾಶಿಯ ದಾರಿ ಹಿಡಿದವನ ಹಿಂದೆಯೇ ನಡೆದು, ಹೆಜ್ಜೆಹೆಜ್ಜೆಗೂ ಪೀಡಿಸುತ್ತಾನೆ. ಚಿಕ್ಕಂದಿನಲ್ಲಿ ರಾಮನವಮಿ ಚಪ್ಪರದಲ್ಲಿ ನಾನು ಕೇಳಿದ ಹರಿಕಥೆಯಲ್ಲಿ ದಾಸರು ಒಂದು ವಿವರವನ್ನು ತಪ್ಪದೆ ಹೇಳುತ್ತಿದ್ದರು. ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಮಾರಿ ಬಂದ ಹಣವೆಲ್ಲ ನಕ್ಷತ್ರಿಕನ ಭತ್ಯೆಗೇ ವಜಾ ಆಯಿತು, ಅಸಲು ಹಾಗೇ ಉಳಿಯಿತು; ಆ ಅಸಲಿಗಾಗಿ ಹರಿಶ್ಚಂದ್ರ ತನ್ನನ್ನೇ ಸುಡುಗಾಡಿನ ಒಡೆಯನಿಗೆ ಮಾರಿಕೊಂಡ. ಚಪ್ಪರದಲ್ಲಿದ್ದ ಹೆಂಗಸರೆಲ್ಲ ಅಲ್ಲಿಗೆ ಬಂದಾಗ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಂಗ್ಲೆಂಡಿನ ನಡುಭಾಗದ ಒಂದು ಊರಿನಲ್ಲಿ, ಚರ್ಚಿನ ಹಾಲಿನಲ್ಲಿ ನಡೆಯುವ ಸಾಲ-ಸಲಹಾ ಕೇಂದ್ರದಲ್ಲಿ ವಾರಕ್ಕೊಮ್ಮೆ ಸ್ವಯಂಸೇವಕಿಯಾಗಿ ಕೂರುವ ನನಗೆ ಆ ವಿವರ ಬೇಡವೆಂದರೂ ನೆನಪಾಗುತ್ತದೆ. ಇಲ್ಲಿ ಮನೆಮನೆಗೂ ಬರುವ ಸ್ಥಳೀಯ ಕಂದಾಯಕ್ಕೆ ಕೌನ್ಸಿಲ್ ಟ್ಯಾಕ್ಸ್ ಎನ್ನುತ್ತಾರೆ. ಅದು ಬಾಕಿಬಿದ್ದರೆ ವಸೂಲಿಗೆ ಬರುವವನು ಬೇಲಿಫ್. ನಮ್ಮಲ್ಲಿ ಜಪ್ತಿಗೆ ಬರುವ ಕೋರ್ಟಿನ ಅಮೀನನಿದ್ದಾನಲ್ಲ, ಹಾಗೆ. ಆದರೆ ಇವನು ಬಹಳ ಕಡೆ ಖಾಸಗಿ ಕಂಪನಿಯ ನೌಕರ. 2014ರಲ್ಲಿ ಜಾರಿಗೆ ಬಂದ ನಿಯಮ ಅವನ ಶುಲ್ಕವನ್ನು ನಿಗದಿ ಮಾಡಿತು. ಕಡತ ಅವನ ಕೈಗೆ ಹೋದ ಕೂಡಲೆ 75 ಪೌಂಡ್, ಮನೆಬಾಗಿಲಿಗೆ ಬಂದರೆ ಮೇಲೆ 235. ಬಾಕಿದಾರ ಕಟ್ಟಿದ್ದು ಒಟ್ಟು ಮೊತ್ತಕ್ಕೆ ಸಾಲದಿದ್ದರೆ, ಅದರಲ್ಲಿ ಮೊದಲು ಸಲ್ಲುವುದು ಆ 75 ಪೌಂಡ್ ಶುಲ್ಕಕ್ಕೆ. ಉಳಿದದ್ದನ್ನು ಅಸಲಿಗೂ ಮಿಕ್ಕ ಶುಲ್ಕಕ್ಕೂ ಪಾಲು ಹಾಕುತ್ತಾರೆ.

ಕೇಂದ್ರಕ್ಕೆ ಬಂದ ಒಬ್ಬ ಹೆಣ್ಣುಮಗಳ ಸಂಗತಿ ಹೇಳಬೇಕು. ಉತ್ತರ ಕರ್ನಾಟಕದವಳು, ವಯಸ್ಸಾದವರ ಆರೈಕೆ ಮನೆಯಲ್ಲಿ ಕೆಲಸ. ಗಂಡನಿಗಿದ್ದ ಗೋದಾಮಿನ ಕೆಲಸ ಹೋಯಿತು. ಅದರ ಬೆನ್ನಿಗೇ ಊರಲ್ಲಿ ಅವನ ತಂದೆಗೆ ಲಕ್ವ ಹೊಡೆದು ಅವನು ಹಿಂತಿರುಗಿದ. ಇವಳೂ ಹನ್ನೆರಡು ವರ್ಷದ ಮಗನೂ ಉಳಿದರು. ಇವಳ ಕೆಲಸದ ಗಂಟೆಗಳನ್ನೂ ಮಾಲೀಕರು ಇಳಿಸಿದ್ದರು. ವೀಸಾದ ಮೇಲೆ ಸರ್ಕಾರಿ ನೆರವಿಗೆ ಹಕ್ಕಿಲ್ಲ ಎಂಬ ಷರತ್ತು ಬೇರೆ. ಕಡಿಮೆ ಆದಾಯದವರಿಗೆ ಕೌನ್ಸಿಲ್‌ಗಳು ಕೊಡುವ ತೆರಿಗೆ ಕಡಿತ ಆ ನಿಷೇಧದ ಪಟ್ಟಿಯಲ್ಲಿ ಸೇರಿದೆ. ಒಬ್ಬರೇ ವಯಸ್ಕರಿರುವ ಮನೆಗೆ ಸಿಗುವ 25% ರಿಯಾಯಿತಿ ಸೇರಿಲ್ಲ. ಆದರೆ ಆ ರಿಯಾಯಿತಿಯನ್ನು ಕೇಳಿ ಪಡೆಯಬೇಕು, ಕೇಳಬೇಕೆಂದು ಅವಳಿಗೆ ಹೇಳಿದವರಿಲ್ಲ.

ಕಂತು ತಪ್ಪಿತು. ಜ್ಞಾಪನಪತ್ರ ಬಂತು, ಏಳು ದಿನದ ಗಡುವು. ಅದೂ ದಾಟಿದರೆ ತಿಂಗಳ ಕಂತಿನ ಸವಲತ್ತು ಹೋಗಿ ವರ್ಷದ ಉಳಿದ ಮೊತ್ತವೆಲ್ಲ ಒಂದೇ ಸಲಕ್ಕೆ ಬಾಕಿಯಾಗುತ್ತದೆ. ತಿಂಗಳ ಕಂತನ್ನೇ ಕಟ್ಟಲಾಗದವಳಿಗೆ ವರ್ಷದ್ದನ್ನು ಒಟ್ಟಿಗೆ ಕಟ್ಟು ಎಂದದ್ದು ಈ ಇಡೀ ವ್ಯವಸ್ಥೆಯ ಬುಡದಲ್ಲಿರುವ ಅನ್ಯಾಯ ಎಂದು ನನ್ನ ಗಟ್ಟಿಯಾದ ಅಭಿಪ್ರಾಯ. ಆಮೇಲೆ ಸಮನ್ಸ್, ಅದರ ಖರ್ಚು. ಮ್ಯಾಜಿಸ್ಟ್ರೇಟರ ಮುಂದೆ ನೂರಾರು ಹೆಸರುಗಳ ಪಟ್ಟಿ ಒಟ್ಟಿಗೇ ಹೋಗುತ್ತದೆ, ಬಹುತೇಕ ಜನ ಹೋಗುವುದೇ ಇಲ್ಲ, ಪಟ್ಟಿಗೆ ಪಟ್ಟಿಯೇ ಲಯಬಿಲಿಟಿ ಆರ್ಡರ್ (ಬಾಕಿಗೆ ಹೊಣೆ ಎಂಬ ಆದೇಶ) ಆಗಿ ಹೊರಬರುತ್ತದೆ. ಇವಳೂ ಹೋಗಿರಲಿಲ್ಲ. ಲಕೋಟೆಗಳನ್ನೆಲ್ಲ ಸಿದ್ಧಾರೂಢರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಳಂತೆ. ನನ್ನೆದುರಿಗೆ ತಂದು ಸುರಿದಾಗ ಕೆಲವಕ್ಕೆ ವಿಭೂತಿ ಅಂಟಿತ್ತು, ಅರ್ಧದಷ್ಟನ್ನು ತೆರೆದೇ ಇರಲಿಲ್ಲ. ಎಲ್ಲಕ್ಕಿಂತ ಮೇಲಿದ್ದದ್ದು ಬೇಲಿಫ್ ಕಂಪನಿಯ ನೋಟಿಸು. ಕೋರ್ಟು ಖರ್ಚು ಸೇರಿ ಬಾಕಿ 1,180 ಪೌಂಡ್, ಮೇಲೆ 75. ಫೋನು ಮಾಡಿದ್ದಕ್ಕೆ ಅವರು, ಇವತ್ತೇ 400 ಕಟ್ಟು, ಉಳಿದದ್ದನ್ನು ತಿಂಗಳಿಗೆ 285ರಂತೆ ಮೂರು ತಿಂಗಳಲ್ಲಿ ತೀರಿಸು, ಇಲ್ಲವಾದರೆ ಮನೆಗೆ ಬರುತ್ತೇವೆ ಎಂದಿದ್ದರು.

"ಅಕ್ಕಾರ, ಹೂಂ ಅಂದುಬಿಡ್ಲೇನ್ರಿ?" ಎಂದಳು. "ಕೊಡಬೇಕಾದ್ದು ಕೊಡಾಕs ಬೇಕಲ್ರಿ. ಋಣ ಇಟ್ಕೊಂಡು ಸಾಯಬಾರ್ದು."

ಅವಳ ಅಜ್ಜಿ ಹೇಳುತ್ತಿದ್ದಳಂತೆ, ಸಾಲ ತೀರಿಸದೆ ಸತ್ತವರು ಸಾಲ ಕೊಟ್ಟವರ ಮನೆಯಲ್ಲಿ ಎತ್ತಾಗಿ ಹುಟ್ಟುತ್ತಾರೆ ಎಂದು. ನನ್ನ ಅಜ್ಜಿಯೂ ಅದನ್ನೇ ಹೇಳುತ್ತಿದ್ದರು. ಆದ್ದರಿಂದ ಅವಳ ಪ್ರಶ್ನೆಯನ್ನು ನಾನು ಬರೀ ಲೆಕ್ಕದ ಪ್ರಶ್ನೆ ಎಂದು ತೆಗೆದುಕೊಳ್ಳಲಿಲ್ಲ. ಅವಳು ಕೇಳಿದ್ದು ಧರ್ಮದ ಪ್ರಶ್ನೆ, ಅದಕ್ಕೆ ಧರ್ಮದ ಉತ್ತರವನ್ನೇ ಕೊಡಬೇಕಾಗಿತ್ತು. ಅಂದಿನಿಂದ ನಾನು ಆ ಉತ್ತರವನ್ನು ಹುಡುಕುತ್ತಲೇ ಇದ್ದೇನೆ.

ಮೊದಲನೆಯದಾಗಿ, ಈ ಋಣ ನಿಜವಾದ ಋಣ. ಕೌನ್ಸಿಲ್ ಟ್ಯಾಕ್ಸ್ ಸುಲಿಗೆ, ಕಟ್ಟದಿದ್ದರೂ ನಡೆಯುತ್ತದೆ ಎನ್ನುವವರ ಜೊತೆ ನಾನಿಲ್ಲ. 1993ರ ಏಪ್ರಿಲ್‌ನಲ್ಲಿ ಅದು ಬಂದದ್ದೇ ಅದಕ್ಕಿಂತ ಕೆಟ್ಟದ್ದರ ಜಾಗಕ್ಕೆ. ಬಡವ ಬಲ್ಲಿದ ಎನ್ನದೆ ತಲೆಗಿಷ್ಟು ಎಂದು ಹಾಕಿದ ಪೋಲ್ ಟ್ಯಾಕ್ಸಿನ ವಿರುದ್ಧ 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆಯೇ ಆಗಿತ್ತು. ಈಗಿನದು ಮನೆಯ ಬೆಲೆಯನ್ನು ನೋಡಿ ಹಾಕುವ ತೆರಿಗೆ. ಆದರೆ ಇಂಗ್ಲೆಂಡಿನಲ್ಲಿ ಇವತ್ತಿಗೂ ನೋಡುವುದು 1991ರ ಏಪ್ರಿಲ್ 1ರ ಬೆಲೆಯನ್ನು. ಅತಿ ಮೇಲಿನ ದರ್ಜೆಯ ಬಂಗಲೆ ಕಟ್ಟುವುದು ಅತಿ ಕೆಳಗಿನ ದರ್ಜೆಯ ಮನೆಯ ಮೂರರಷ್ಟು ಮಾತ್ರ. ಅದರ ಕುಂದು ಅದಕ್ಕಿದೆ. ಹಾಗಿದ್ದೂ ಆ ಹಣದಿಂದಲೇ ಕಸ ಎತ್ತುತ್ತಾರೆ, ಬೀದಿದೀಪ ಉರಿಯುತ್ತದೆ, ವಾಚನಾಲಯ ನಡೆಯುತ್ತದೆ. ವೃದ್ಧರ ಆರೈಕೆಗೆಂದೇ 2016ರಿಂದ ಅದರ ಮೇಲೆ ಒಂದಿಷ್ಟು ಹೆಚ್ಚು ಹಾಕಲು ಅವಕಾಶವಿದೆ. ಇವಳು ಬೆಳಗಿನ ಜಾವ ಎದ್ದುಹೋಗಿ ಮೈತೊಳೆಸಿ ಊಟ ಮಾಡಿಸುವ ಮುದುಕರಲ್ಲಿ ಎಷ್ಟೋ ಜನರ ಖರ್ಚನ್ನು ಕೌನ್ಸಿಲ್ ಭರಿಸುತ್ತದೆ. ಶತಪಥ ಬ್ರಾಹ್ಮಣ ಮನುಷ್ಯ ಹುಟ್ಟುವಾಗಲೇ ಹೊತ್ತುತರುವ ಋಣಗಳನ್ನು ಎಣಿಸುವಾಗ ದೇವಋಣ, ಋಷಿಋಣ, ಪಿತೃಋಣದ ಜೊತೆಗೆ ಮನುಷ್ಯಋಣವನ್ನೂ ಸೇರಿಸುತ್ತದೆ. ಊರಿನವರೆಲ್ಲ ಸೇರಿ ನಡೆಸುವ ಸಂಸಾರಕ್ಕೆ ನನ್ನ ಪಾಲನ್ನು ಹಾಕುವುದು ಆ ನಾಲ್ಕನೆಯದರ ಲೆಕ್ಕಕ್ಕೆ ಬರುತ್ತದೆ ಎಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಹೂಂ ಎನ್ನಬೇಕಲ್ಲವೆ? ಇಲ್ಲಿಯೇ ಹರಿಶ್ಚಂದ್ರನ ಕಥೆಯನ್ನು ನಾವು ಅರ್ಧ ಕೇಳಿ ಎದ್ದುಹೋಗುತ್ತೇವೆ ಎಂದು ನನಗನ್ನಿಸುವುದು. ಏನಾದರೂ ಆಗಲಿ, ಕೊಟ್ಟ ಮಾತು ನಡೆಸು ಎನ್ನುವುದನ್ನು ಮಾತ್ರ ಮನೆಗೆ ತರುತ್ತೇವೆ. ಮಾತು ಕೊಡುವಾಗ ಅವನು ಯಾರಾಗಿದ್ದ ಎನ್ನುವುದನ್ನು ಮರೆಯುತ್ತೇವೆ. ಅವನು ಅಯೋಧ್ಯೆಯ ಅರಸು, ಭಂಡಾರ ತುಂಬಿತ್ತು, ಕೊಡುತ್ತೇನೆ ಎಂದಾಗ ಕೊಡುವ ಶಕ್ತಿ ಅವನಿಗಿತ್ತು. ಶಕ್ತಿ ಹೋದಮೇಲೆ ಮಾತು ಮಾತ್ರ ಉಳಿಯಿತು, ಅದಕ್ಕಾಗಿ ಅವನು ಸವೆದ. ಈ ಹೆಣ್ಣುಮಗಳ ಪಾಡೇ ಬೇರೆ. ಕೈ ಬರಿದಾದ ಮೇಲೆ, ಬರಿದಾಗಿದೆ ಎಂದು ಗೊತ್ತಿದ್ದೂ, ಈಗ ಹೊಸದಾಗಿ ಮಾತು ಕೊಡು ಎಂದು ಅವಳನ್ನು ಕೇಳುತ್ತಿದ್ದಾರೆ. ಇವತ್ತು 400, ತಿಂಗಳಿಗೆ 285. ಅದಕ್ಕೆ ಹೂಂ ಎಂದರೆ ಆ ಕ್ಷಣಕ್ಕೆ ಫೋನಿನ ಆಚೆಯವನ ದನಿ ಮೆತ್ತಗಾಗುತ್ತದೆ, ಅವಳ ಎದೆಬಡಿತ ಇಳಿಯುತ್ತದೆ. ಆದರೆ ಅವಳು ಹೇಳಿದ್ದು ಸುಳ್ಳು. ಭಯದಿಂದ ಹೇಳಿದ್ದು, ಸಂಕೋಚದಿಂದ ಹೇಳಿದ್ದು, ಮರ್ಯಾದೆಗೆ ಅಂಜಿ ಹೇಳಿದ್ದು, ಆದರೂ ಸುಳ್ಳೇ. ಸತ್ಯವ್ರತ ಎನ್ನುವುದು ಮಾತು ಕೊಟ್ಟಮೇಲೆ ಶುರುವಾಗುವುದಲ್ಲ. ನಡೆಸಲಾಗದ ಮಾತನ್ನು ಕೊಡದೇ ಇರುವುದರಲ್ಲಿ ಅದರ ಮೊದಲ ಹೆಜ್ಜೆ ಇದೆ.

ಇನ್ನೂ ಒಂದಿದೆ. ಮಾತು ಕೊಟ್ಟವನು ಹರಿಶ್ಚಂದ್ರ, ಮಾರಾಟವಾದವರು ಚಂದ್ರಮತಿ ಮತ್ತು ಲೋಹಿತಾಶ್ವ. ಮಾತು ಕೊಡುವಾಗ ಅವರನ್ನು ಯಾರೂ ಕೇಳಲಿಲ್ಲ. ಇಲ್ಲಿಯೂ ಕಾನೂನಿನ ಪ್ರಕಾರ ಒಂದೇ ಮನೆಯಲ್ಲಿರುವ ಗಂಡಹೆಂಡಿರಿಬ್ಬರೂ ಕೌನ್ಸಿಲ್ ಟ್ಯಾಕ್ಸಿಗೆ ಜಂಟಿಯಾಗಿ ಹೊಣೆ, ಅವಳು ಎಲ್ಲಿಯೂ ಸಹಿ ಹಾಕಿರಬೇಕಾಗಿಲ್ಲ. ಅವನು ಇದ್ದ ತಿಂಗಳುಗಳ ಬಾಕಿಯನ್ನು ಪೂರ್ತಿಯಾಗಿ ಇವಳೊಬ್ಬಳಿಂದಲೇ ಕೇಳಬಹುದು. ಇವಳು 285ಕ್ಕೆ ಒಪ್ಪಿದರೆ ಅದು ಬರಬೇಕಾದ್ದು ಎಲ್ಲಿಂದ? ಬಾಡಿಗೆಯಿಂದ, ಇಲ್ಲವೆ ಮಗನ ತಟ್ಟೆಯಿಂದ. ಅವನು ಏನನ್ನೂ ಒಪ್ಪಿಕೊಂಡವನಲ್ಲ.

ಅದಕ್ಕೇ ನಾವು ಮೊದಲು ಕೂತು ಮಾಡಿದ್ದು ಆದಾಯ-ಖರ್ಚಿನ ಪಟ್ಟಿ. ಸಾಲ-ಸಲಹೆಯ ಕೆಲಸದಲ್ಲಿ ಇದೇ ಮೂಲ. ನೋಡಿದವರಿಗೆ ಬರೀ ನಮೂನೆ, ಕಾಲಂಗಳು. ಆದರೆ ಒಬ್ಬರ ಬದುಕಿನ ಬಗ್ಗೆ ಇಷ್ಟು ನಿಷ್ಠುರವಾಗಿ ಸತ್ಯ ಹೇಳುವ ಕಾಗದವನ್ನು ನಾನು ಬೇರೆ ಕಂಡಿಲ್ಲ. ಕೈಗೆ ಬರುವ ಸಂಬಳ 1,476. ಬಾಡಿಗೆ 760. ಕರೆಂಟು-ಗ್ಯಾಸು 110, ಅದು ಮುಂಗಡ ಕಾರ್ಡಿನ ಮೀಟರು, ದುಡ್ಡು ಹಾಕಿದರೆ ಮಾತ್ರ ಬೆಚ್ಚಗಿರುತ್ತದೆ. ಊಟ-ತಿಂಡಿಗೆ ಅವಳು 160 ಎಂದು ಬರೆಸಿದಳು. ಕೇಂದ್ರದ ಸಲಹೆಗಾರರು ಪೆನ್ನು ಕೆಳಗಿಟ್ಟು, ನೀವು ರಾತ್ರಿ ಏನು ತಿನ್ನುತ್ತೀರಿ ಎಂದು ಕೇಳಿದರು. ಡ್ಯೂಟಿಯಲ್ಲಿ ಉಳಿದ ಬ್ರೆಡ್ಡು ತಿಂದು ಬರುತ್ತೇನೆ, ಅನ್ನ ಹುಡುಗನಿಗೆ ಮಾತ್ರ ಎಂದಳು. ಸಲಹೆಗಾರರು 160 ಹೊಡೆದುಹಾಕಿ 240 ಬರೆದರು. ಇಬ್ಬರು ಉಣ್ಣುವ ಮನೆಗೆ ಒಬ್ಬರ ಅನ್ನದ ಲೆಕ್ಕ ಬರೆಯುವುದೂ ಸುಳ್ಳೇ ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಬಸ್ಸು 70, ನೀರು 30, ಹುಡುಗನ ಬಟ್ಟೆ-ಬೂಟು-ಶಾಲೆ 60, ಫೋನು 15, ನಡೆಯುತ್ತಿರುವ ವರ್ಷದ ಕೌನ್ಸಿಲ್ ಟ್ಯಾಕ್ಸು ರಿಯಾಯಿತಿ ಕಳೆದು 100. ಊರಿನಲ್ಲಿರುವ ಅತ್ತೆಮಾವಂದಿರ ಔಷಧಿಗೆ ಕಳಿಸುವುದು 60. ಎಲ್ಲ ಕೂಡಿಸಿ ಕಳೆದರೆ ಉಳಿದದ್ದು 31 ಪೌಂಡ್. ತಿಂಗಳಿಗೆ 30 ಕೊಡುತ್ತೇನೆ ಎಂದರೆ ಅದು ಅವಳು ನಡೆಸಬಲ್ಲ ಮಾತು.

ಬೇಲಿಫ್ ಕಂಪನಿಗೆ ಪಟ್ಟಿ ಕಳಿಸಿ, ನಾನೇ ಪಕ್ಕದಲ್ಲಿ ಕೂತು ಫೋನು ಮಾಡಿಸಿದೆ. ಆ ಕಡೆಯ ಹುಡುಗ ಒರಟನಲ್ಲ, ಅವನಿಗೆ ಕೊಟ್ಟ ಮಾತುಗಳನ್ನು ಅವನು ಓದಿದ. ಮೂವತ್ತು ಆಗುವುದಿಲ್ಲ, ಭಾರತಕ್ಕೆ ಕಳಿಸುವ 60 ನಿಲ್ಲಿಸಿ. ಅವಳು ನನ್ನ ಮುಖ ನೋಡಿದಳು. ಲಕ್ವ ಹೊಡೆದ ಮಾವನ ಮಾತ್ರೆಯ ಹಣ ಅದು. ನಾಲ್ಕು ಋಣಗಳನ್ನು ಒಟ್ಟಿಗೇ ಹೇಳಿದವರು ಒಂದನ್ನು ತೀರಿಸಲು ಇನ್ನೊಂದನ್ನು ಮುರಿ ಎಂದು ಹೇಳಲಿಲ್ಲ. ಮನುಷ್ಯ ಯಾವತ್ತೂ ಒಬ್ಬನೇ ಸಾಲಿಗನಿಗೆ ಋಣಿಯಾಗಿರುವುದಿಲ್ಲ. ಜೋರಾಗಿ ಬಾಗಿಲು ಬಡಿಯುವವನದೇ ದೊಡ್ಡ ಋಣ ಎಂದೂ ಅಲ್ಲ. ಅವಳು ಅವನಿಗೆ ಇಂಗ್ಲಿಷಿನಲ್ಲಿ, ತಡವರಿಸಿಯೇ ಆದರೂ, ಮೂವತ್ತು ಕೊಡಬಲ್ಲೆ, ಮೂವತ್ತೊಂದಕ್ಕಿಂತ ಹೆಚ್ಚು ನನ್ನ ಹತ್ತಿರ ಇಲ್ಲ ಎಂದಳು. ಫೋನಿಟ್ಟಮೇಲೆ ಅವಳ ಕೈ ನಡುಗುತ್ತಿತ್ತು. ಅವಳು ಹೇಳಿದ್ದು ಸತ್ಯವಾಕ್ಯ ಎನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ.

ಕೊಡುವವನ ಧರ್ಮವನ್ನು ಎಲ್ಲರೂ ಹೇಳುತ್ತಾರೆ. ಕೇಳುವವನಿಗೂ ಧರ್ಮವಿದೆ ಎಂದು ಹೇಳಿದವರು ನಮ್ಮ ಹಿರಿಯರು, ಬೇರೆಯವರ ಹಿರಿಯರೂ ಹೇಳಿದರು. ಧರ್ಮಶಾಸ್ತ್ರಕಾರರ ದಾಮದುಪ್ಪಟ್ಟಿನ ಕಟ್ಟಳೆ ಇದೆ. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು, ಕೊಟ್ಟದ್ದರ ಎರಡರಷ್ಟಕ್ಕೆ ನಿಲ್ಲಬೇಕು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಇದನ್ನು ಪಾಲಿಸಿದವು. ಈ ಬೇಲಿಫ್ ಶುಲ್ಕಕ್ಕೆ ಅದನ್ನು ಹಿಡಿದು ನೋಡಿ. ಬಾಕಿ 150 ಪೌಂಡ್ ಇದ್ದರೂ ಬಾಗಿಲಿಗೆ ಬಂದ ಮೇಲೆ ಶುಲ್ಕ 310. ಅಸಲಿನ ಎರಡರಷ್ಟನ್ನೂ ಮೀರಿದ್ದು ಬರೀ ಕೇಳಿದ್ದರ ಖರ್ಚು. ಚರ್ಚಿನ ಹಾಲಿನಲ್ಲಿ ನಮಗೆ ಚಹಾ ಮಾಡಿಕೊಡುವ ಹಿರಿಯರೊಬ್ಬರು ಒಮ್ಮೆ ಬೈಬಲ್ಲಿನ ಧರ್ಮೋಪದೇಶ ಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ತೆಗೆದು ತೋರಿಸಿದರು. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಗೆ ಹೋಗಬಾರದು, ಹೊರಗೆ ನಿಲ್ಲಬೇಕು. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು. ಬಡವನ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಹಿಂತಿರುಗಿಸಬೇಕು. ಕುರಾನಿನ ಎರಡನೆಯ ಅಧ್ಯಾಯ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಯಿರಿ, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎಂಬರ್ಥದ ಮಾತು ಹೇಳುತ್ತದೆ. ನಮ್ಮ ಪುರಂದರದಾಸರ ಕಥೆಯನ್ನು ನಾನು ಇವುಗಳ ಸಾಲಿನಲ್ಲಿಯೇ ಇಡುತ್ತೇನೆ. ಹರಿಶ್ಚಂದ್ರನದು ಸಾಲಗಾರನ ಪರೀಕ್ಷೆಯ ಕಥೆಯಾದರೆ, ಬಡಬ್ರಾಹ್ಮಣನನ್ನು ತಿಂಗಳುಗಟ್ಟಲೆ ಅಲೆದಾಡಿಸಿದ ಶ್ರೀನಿವಾಸ ನಾಯಕನದು ಸಾಹುಕಾರನ ಪರೀಕ್ಷೆಯ ಕಥೆ. ಹೆಂಡತಿಯ ಮೂಗುತಿ ಅವನದೇ ಅಂಗಡಿಗೆ ಅಡವಿಗೆ ಬಂದಾಗ ಬದಲಾಗಬೇಕಾದವನು ಬೇಡಲು ಬಂದವನಲ್ಲ, ಗಲ್ಲೆಯ ಮೇಲೆ ಕೂತವನು.

ಇಂಗ್ಲೆಂಡಿನ ಕಾನೂನಿಗೂ ಇದೆಲ್ಲ ಗೊತ್ತಿಲ್ಲದೆ ಇಲ್ಲ. ಸಾಲದ ವಸೂಲಿಗೆಂದು ಬಂದವನು ಮನೆಬಾಗಿಲು ಒಡೆಯಬಾರದು ಎಂದು 1604ರ ಸೆಮೇನ್ ಪ್ರಕರಣದಲ್ಲಿಯೇ ತೀರ್ಪಾಯಿತು. ಈಗಲೂ ಕೌನ್ಸಿಲ್ ಟ್ಯಾಕ್ಸಿಗೆ ಬಂದ ಬೇಲಿಫ್, ಒಮ್ಮೆ ನಾವಾಗಿ ಒಳಗೆ ಬಿಟ್ಟುಕೊಳ್ಳದಿದ್ದರೆ, ಬಲವಂತವಾಗಿ ನುಗ್ಗುವಂತಿಲ್ಲ. ಅಡಿಗೆ ಒಲೆ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಹಾಸಿಗೆ, ಊಟದ ಮೇಜು, ಇವನ್ನು ಮುಟ್ಟುವಂತಿಲ್ಲ; ಬೀಸುವ ಕಲ್ಲಿನ ಮಾತೇ ಇದು. ಒಲೆಯನ್ನು ಮುಟ್ಟಬಾರದೆಂದು ಬರೆದ ಕಾನೂನು, ಒಲೆಯ ಮೇಲೆ ಬೇಯಬೇಕಾದ ಅಕ್ಕಿಯ ದುಡ್ಡನ್ನು ಫೋನಿನಲ್ಲಿ ಕೇಳುವುದನ್ನು ತಡೆಯಲಿಲ್ಲ. ಅಲ್ಲಿ ಅದರ ಕೈ ಯಾಕೆ ನಿಂತಿತೋ!

ಇನ್ನೂ ನೋಯಿಸುವುದು ಒಂದಿದೆ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಮೂರು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಆದರೆ ಅದಕ್ಕೆ ಮುಂಚೆ ಅವರು ಬಾಕಿದಾರನ ಸ್ಥಿತಿಗತಿ ವಿಚಾರಿಸಿ, ಬೇಕೆಂದೇ ಕಟ್ಟಲಿಲ್ಲವೋ, ಅಕ್ಷಮ್ಯವಾದ ಉದಾಸೀನದಿಂದ ಬಿಟ್ಟನೋ, ಇಲ್ಲ ಕಟ್ಟಲು ಆಗಲೇ ಇಲ್ಲವೋ ಎಂದು ತೀರ್ಮಾನಿಸಲೇಬೇಕು. ಆಗದವನನ್ನು ಕಳಿಸುವಂತಿಲ್ಲ. 2016ರಲ್ಲಿ ವೇಲ್ಸಿನ ಒಬ್ಬ ತಾಯಿಯನ್ನು ಹೀಗೆ ಜೈಲಿಗೆ ಹಾಕಿದ್ದನ್ನು ಮರುವರ್ಷ ಹೈಕೋರ್ಟು ಕಾನೂನುಬಾಹಿರ ಎಂದಿತು. ಅವಳ ಶಕ್ತಿಯನ್ನು ಸರಿಯಾಗಿ ವಿಚಾರಿಸಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ವೇಲ್ಸ್ ಈ ಜೈಲುಶಿಕ್ಷೆಯನ್ನೇ ತೆಗೆದುಹಾಕಿತು. ಆಗದವರು ಮತ್ತು ಒಲ್ಲದವರು ಬೇರೆಬೇರೆ ಎನ್ನುವುದು ಕಾನೂನಿಗೆ ತಿಳಿದಿದೆ ಎಂದಾಯಿತು. ಅದನ್ನು ಕೇಳುವುದು ಮಾತ್ರ ಜೈಲಿನ ಹೊಸ್ತಿಲಲ್ಲಿ. ಮೊದಲ ಕಂತು ತಪ್ಪಿದ ದಿನ, ಅಮ್ಮಾ ನಿನ್ನ ಕೈಲಿ ಎಷ್ಟು ಆಗುತ್ತದೆ ಎಂದು ಒಬ್ಬರು ಕೇಳಿದ್ದರೆ ಸಮನ್ಸಿನ ಖರ್ಚೂ ಇರುತ್ತಿರಲಿಲ್ಲ, ಶುಲ್ಕವೂ ಇರುತ್ತಿರಲಿಲ್ಲ.

ಎಲ್ಲರೂ ಆಗುವುದಿಲ್ಲ ಎಂದರೆ ಊರು ನಡೆಯುವುದು ಹೇಗೆ ಎಂದು ನನ್ನ ನೆರೆಯವರು ಕೇಳುತ್ತಾರೆ. ಅವರೂ ಕಷ್ಟಪಟ್ಟೇ ಕಟ್ಟುವವರು, ಅವರ ಪ್ರಶ್ನೆಗೆ ತೂಕವಿದೆ. ಆಗುವುದಿಲ್ಲ ಎಂಬ ಬಾಯಿಮಾತನ್ನು ನಂಬಿ ಎಂದು ನಾನು ಹೇಳುತ್ತಿಲ್ಲ. ಪಟ್ಟಿಯ ಜೊತೆ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ ಹೋಗುತ್ತದೆ. ಸತ್ಯವನ್ನು ಪರೀಕ್ಷಿಸಲಿ, ಚೆನ್ನಾಗಿಯೇ ಪರೀಕ್ಷಿಸಲಿ. ಪರೀಕ್ಷಿಸಿ ನಿಜವೆಂದು ಕಂಡಮೇಲೂ ಒಪ್ಪದಿದ್ದರೆ, ಅವರು ಕೇಳುತ್ತಿರುವುದು ಹಣವನ್ನಲ್ಲ.

ಅವಳ ವಿಷಯ ಹೀಗಾಯಿತು. ಮೂವತ್ತನ್ನು ನಿರಾಕರಿಸಿದ ಕಂಪನಿ ಒಂದು ಸಂಜೆ ಮನುಷ್ಯನನ್ನು ಕಳಿಸಿತು, 235 ಏರಿ ಲೆಕ್ಕ 1,490 ಆಯಿತು. ಅವಳು ಬಾಗಿಲು ತೆರೆಯದೆ, ಮಹಡಿಯ ಕಿಟಕಿಯಿಂದಲೇ ಮಾತಾಡಿದಳು. ತಾಳಿ ಕೇಳುತ್ತಾರೇನೋ ಎಂಬ ಹೆದರಿಕೆಯಲ್ಲಿ ಅದನ್ನು ರವಿಕೆಯೊಳಗೆ ಸೇರಿಸಿಕೊಂಡಿದ್ದಳಂತೆ. ಮಾರನೆಯ ದಿನ ನಮ್ಮ ಸಲಹೆಗಾರರು 2021ರಲ್ಲಿ ಬಂದ ಬ್ರೀದಿಂಗ್ ಸ್ಪೇಸ್ ಯೋಜನೆಗೆ ಅರ್ಜಿ ಹಾಕಿದರು. ಅದರಿಂದ 60 ದಿನ ಯಾರೂ ವಸೂಲಿಗೆ ಬರುವಂತಿಲ್ಲ. ಆ ಅವಧಿಯಲ್ಲಿ ಗಂಡ ಊರಿಗೆ ಹೋದ ತಿಂಗಳಿನಿಂದ 25% ರಿಯಾಯಿತಿ ಸಿಕ್ಕಿ ಬಾಕಿ ಇಳಿಯಿತು. ಕೌನ್ಸಿಲ್ ಕಡತವನ್ನು ಬೇಲಿಫನಿಂದ ಹಿಂತೆಗೆದುಕೊಂಡು ತಿಂಗಳಿಗೆ 30ಕ್ಕೆ ಒಪ್ಪಿತು. ಅಲ್ಲಿನ ಒಬ್ಬ ಅಧಿಕಾರಿ ಪಟ್ಟಿಯನ್ನು ಸಾಲುಸಾಲಾಗಿ ಓದಿದ್ದು ಅವರ ಪ್ರಶ್ನೆಗಳಿಂದಲೇ ಗೊತ್ತಾಗುತ್ತಿತ್ತು. ಊರಿಗೆ ಕಳಿಸುವ 60ರ ಬಗ್ಗೆ ಅವರು ಏನೂ ಕೇಳಲಿಲ್ಲ.

ಶುಲ್ಕದ 310 ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನಾನು ದೂರು ಬರೆದಿದ್ದೇನೆ. ಬೇಲಿಫ್ ಬಾಗಿಲಿಗೆ ಬರುವ ಮುಂಚೆಯೇ ಅವಳು ಫೋನು ಮಾಡಿ ತನ್ನಲ್ಲಿರುವುದನ್ನೆಲ್ಲ ಲೆಕ್ಕಸಮೇತ ಒಪ್ಪಿಸಿದ್ದಳು. ಕೊನೆಗೆ ಕೌನ್ಸಿಲ್ ಒಪ್ಪಿದ್ದೂ ಅದೇ ಮೂವತ್ತಕ್ಕೆ. ಹಾಗಿರುವಾಗ ಆ ಭೇಟಿ ಯಾವುದಕ್ಕೆ, ಅದರ 235ನ್ನು ಅವಳು ಯಾಕೆ ಹೊರಬೇಕು ಎಂದು ಕೇಳಿದ್ದೇನೆ. ಕಂಪನಿಯ ಉತ್ತರ ಒಂದೇ ಸಾಲಿನದು, ನಿಯಮದ ಪ್ರಕಾರ ಸರಿಯಿದೆ ಎಂದು. ಕೌನ್ಸಿಲ್ ಇನ್ನೂ ಉತ್ತರಿಸಿಲ್ಲ. ಅವರೂ ಅದನ್ನೇ ಹೇಳಿದರೆ ಸ್ಥಳೀಯ ಸರ್ಕಾರದ ಒಂಬುಡ್ಸ್‌ಮನ್‌ಗೆ ಬರೆಯುತ್ತೇವೆ, ಪಟ್ಟಿಯ ಪ್ರತಿಯನ್ನೂ ಫೋನು ಮಾಡಿದ ದಿನಾಂಕವನ್ನೂ ಲಗತ್ತಿಸಿ.